ಪ್ರಾರ್ಥನೆಯ ಹತ್ತು ನಿಮಿಷ ಯಾರ ಲೆಕ್ಕಕ್ಕೆ?

ದಾವಣಗೆರೆಯಲ್ಲಿ ಸಿದ್ಧ ಉಡುಪಿನ ಸಣ್ಣ ಘಟಕ ನಡೆಸುತ್ತಿರುವ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ವ್ಯವಹಾರದಲ್ಲಿ ಅಧ್ಯಾತ್ಮ ಬೆರೆಯಲೆಂದು, ಪಾಳಿ ಶುರುವಾಗುವ ಮೊದಲು ಹತ್ತು ನಿಮಿಷದ ಕಡ್ಡಾಯ ಪ್ರಾರ್ಥನೆಯನ್ನು ಅವರು ಜಾರಿಗೆ ತಂದಿದ್ದಾರಂತೆ. ಮನೆಯವರಂತೆ ನೋಡಿಕೊಂಡರೂ ಕೆಲಸಗಾರರು ಗೊಣಗುತ್ತಾರೆ, ಐನೂರು ರೂಪಾಯಿ ಹೆಚ್ಚು ಸಿಕ್ಕರೆ ಬಿಟ್ಟು ಹೋಗುತ್ತಾರೆ, ಇವರಲ್ಲಿ ನಿಷ್ಠೆ ಮೂಡಿಸುವುದು ಹೇಗೆ ಎಂಬುದು ಅವರ ಪ್ರಶ್ನೆ.

ಮಾನ್ಯರೇ, ನಿಮ್ಮ ಸದಾಶಯದಲ್ಲಿ ನನಗೆ ಅನುಮಾನವಿಲ್ಲ. ಪ್ರಾರ್ಥನೆಯಿಂದ ಮನಸ್ಸು ಹದಗೊಳ್ಳುತ್ತದೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಪಾಳಿಗೆ ಮೊದಲಿನ ಆ ಹತ್ತು ನಿಮಿಷ ಕೆಲಸಗಾರರದೇ ಹೊರತು ನಿಮ್ಮದಲ್ಲ. ಬೆಳಗಿನ ಜಾವ ಎದ್ದು, ಅಡುಗೆ ಮುಗಿಸಿ, ಮಗುವನ್ನು ಅಜ್ಜಿಯ ಕೈಗೊಪ್ಪಿಸಿ ಬಸ್ಸು ಹಿಡಿಯುವ ಹೆಣ್ಣುಮಗಳಿಂದ ಇನ್ನೂ ಹತ್ತು ನಿಮಿಷವನ್ನು ಪುಕ್ಕಟೆ ಪಡೆದರೆ ಪುಣ್ಯ ಯಾರ ಖಾತೆಗೆ ಹೋಗಬೇಕು? ಪ್ರಾರ್ಥನೆಯನ್ನು ಪಾಳಿಯೊಳಗೆ ಸೇರಿಸಿ, ಬರುವುದನ್ನು ಅವರವರ ಇಷ್ಟಕ್ಕೆ ಬಿಡಿ.

ದುಡಿಮೆಗೂ ಅಧ್ಯಾತ್ಮಕ್ಕೂ ಇರುವ ನಂಟನ್ನು ನಮ್ಮ ನಾಡು ಯಾವ ಮ್ಯಾನೇಜ್‌ಮೆಂಟ್ ಗುರುವಿನಿಂದಲೂ ಕಲಿಯಬೇಕಾಗಿಲ್ಲ. ಶರಣರ ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯುವುದನ್ನೇ ಕಾಯಕ ಮಾಡಿಕೊಂಡಿದ್ದ ಮಾರಯ್ಯ ಒಮ್ಮೆ ಅಗತ್ಯಕ್ಕಿಂತ ಹೆಚ್ಚು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮ ಹೇಳಿದಳಲ್ಲವೇ? ನಮ್ಮ ಉದ್ಯಮಿಗಳು ಈ ಪ್ರಸಂಗವನ್ನು ಕೆಲಸಗಾರರಿಗೆ ಅಲ್ಪತೃಪ್ತಿಯ ಪಾಠವಾಗಿ ಹೇಳುತ್ತಾರೆ. ಲಕ್ಕಮ್ಮ ಗದರಿದ್ದು ಹೆಚ್ಚಿಗೆ ತಂದವನನ್ನು ಎಂಬುದನ್ನು ಮಾತ್ರ ಜಾಣತನದಿಂದ ಮರೆಯುತ್ತಾರೆ.

ಗೌರವದ ಸಂಬಂಧವೆಂದರೆ ಏನೆಂದು ತಿಳಿಯಲು ನೀವು 1918ರ ಅಹಮದಾಬಾದಿನ ಗಿರಣಿ ಮುಷ್ಕರದ ಕಥೆ ಓದಬೇಕು. ಪ್ಲೇಗ್ ಕಾಲದಲ್ಲಿ ಕೊಡುತ್ತಿದ್ದ ಬೋನಸ್ಸನ್ನು ಮಾಲೀಕರು ನಿಲ್ಲಿಸಿದಾಗ ಅವರ ಮುಂದಾಳಾಗಿದ್ದವರು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಪರ ನಿಂತವರು ಅವರ ಒಡಹುಟ್ಟಿದ ಅಕ್ಕ ಅನಸೂಯಾ ಮತ್ತು ಗಾಂಧೀಜಿ. ಗಾಂಧೀಜಿಯ ಆಶ್ರಮ ಅಸ್ಪೃಶ್ಯ ಕುಟುಂಬವೊಂದನ್ನು ಸೇರಿಸಿಕೊಂಡು ದಾನಿಗಳನ್ನು ಕಳೆದುಕೊಂಡಾಗ ಸದ್ದಿಲ್ಲದೆ ಹಣ ಕೊಟ್ಟು ಹೋದವರೂ ಇದೇ ಅಂಬಾಲಾಲರು. ಆ ಋಣ ಗಾಂಧೀಜಿಯ ಬಾಯಿ ಕಟ್ಟಲಿಲ್ಲ. ಸಂಬಳದ ಏರಿಕೆ ಶೇ. 20 ಸಾಕು ಎಂದು ಮಾಲೀಕರು ಹೇಳಿದರು, ಗಾಂಧೀಜಿ ಲೆಕ್ಕ ಹಾಕಿ ಶೇ. 35 ನ್ಯಾಯವೆಂದರು, ಅಷ್ಟು ಸಿಗುವವರೆಗೆ ಕೆಲಸಕ್ಕೆ ಮರಳುವುದಿಲ್ಲ ಎಂಬ ಕಾರ್ಮಿಕರ ಪ್ರತಿಜ್ಞೆ ಸಡಿಲವಾದಾಗ ಉಪವಾಸಕ್ಕೆ ಕುಳಿತರು. ಈ ಉಪವಾಸ ಗೆಳೆಯರಾದ ಮಾಲೀಕರ ಮೇಲೆ ಒತ್ತಡ ತರುತ್ತದೆ, ಅದು ದೋಷ ಎಂದು ಸ್ವತಃ ಅವರೇ ಒಪ್ಪಿಕೊಂಡಿದ್ದಾರೆ. ಕೊನೆಗೆ ಮಧ್ಯಸ್ಥರ ತೀರ್ಪು ಶೇ. 35ರ ಪರವಾಗಿಯೇ ಬಂದಿತು. ಅಕ್ಕ-ತಮ್ಮಂದಿರ ಸಂಬಂಧ ಮುರಿಯಲಿಲ್ಲ, 1920ರಲ್ಲಿ ಅನಸೂಯಾ ಕಾರ್ಮಿಕ ಸಂಘವನ್ನೂ ಕಟ್ಟಿದರು. ಎದುರು ನಿಂತು ವಾದಿಸುವವರನ್ನೂ ಮನೆಯವರೆಂದು ಒಪ್ಪುವ ಎದೆಗಾರಿಕೆ ನಿಮ್ಮ 'ಮನೆ'ಯಲ್ಲಿ ಇದೆಯೇ?

ನಿಷ್ಠೆಯ ಮಾತಿಗೆ ಬರೋಣ. ಮ್ಯಾನೇಜರು ಕಂಪನಿ ಬದಲಿಸಿದರೆ ಬೆಳವಣಿಗೆ, ದರ್ಜಿ ಬದಲಿಸಿದರೆ ದ್ರೋಹ! ನಿಷ್ಠೆ ಕೇಳುವವರು ಮೊದಲು ಅವರ ಮಾತು ಕೇಳಬೇಕು. ಮಾಲೀಕರು ಕಟ್ಟುವ ಭವಿಷ್ಯನಿಧಿಯ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ಸಾವಿರಗಟ್ಟಲೆ ಬೀದಿಗಿಳಿದರು. ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಅವರನ್ನು ಒಂದು ಮಾತು ಕೇಳಬೇಕೆಂದು ಅದಕ್ಕೆ ಮೊದಲು ಯಾರಿಗೂ ತೋಚಿರಲಿಲ್ಲ. ಅಂಗಡಿಯಲ್ಲಿ ದಿನವಿಡೀ ನಿಂತೇ ಸೀರೆ ತೋರಿಸುವ ಹೆಣ್ಣುಮಕ್ಕಳಿಗೆ ಒಂದು ಸ್ಟೂಲು ಸಿಗಲು ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು. ಆ ಅಂಗಡಿಗಳ ಗಲ್ಲಾಪೆಟ್ಟಿಗೆಯ ಮೇಲೆ ದೇವರ ಪಟಗಳಿಗೇನೂ ಕೊರತೆ ಇದ್ದಿರಲಾರದು.

ಈಗಂತೂ ರೆಸಾರ್ಟುಗಳಲ್ಲಿ 'ಆಂತರಿಕ ನಾಯಕತ್ವ'ದ ಶಿಬಿರಗಳು ನಡೆಯುತ್ತವೆ; ದೊಡ್ಡ ಹುದ್ದೆಯವರು ಕಣ್ಣು ಮುಚ್ಚಿ ಕರುಣೆಯನ್ನು ಧ್ಯಾನಿಸುತ್ತಾರೆ. ಅವರ ಕಚೇರಿಯ ಶೌಚಾಲಯ ತೊಳೆಯುವವರ ಸಂಬಳ ಈ ತಿಂಗಳು ಏಕೆ ತಡವಾಯಿತೆಂದು ಕೇಳಿ ನೋಡಿ, ಅದು ಏಜೆನ್ಸಿಯ ವಿಷಯ, ನಮಗೆ ಸಂಬಂಧಿಸಿದ್ದಲ್ಲ ಎಂಬ ಉತ್ತರ ಸಿಗುತ್ತದೆ.