ನಮ್ಮೂರ ಠೇವಣಿ, ಯಾರೂರ ಸಾಲ?

ಹೊಸನಗರ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ಅಡಿಕೆ ಮಾರಿದ ದುಡ್ಡು, ಬೆಂಗಳೂರಿಂದ ಮಗ ಕಳಿಸಿದ್ದು, ಎಲ್ಲ ಊರಿನ ಬ್ಯಾಂಕಿಗೇ ಹಾಕುತ್ತೇವೆ. ಅಡಿಕೆ ಸುಲಿಯುವ ಯಂತ್ರಕ್ಕೆ ಸಾಲ ಕೇಳಿದರೆ ನಾಳೆ ಬನ್ನಿ ಅಂತಾರೆ. ಠೇವಣಿ ತಗೊಂಡ ಊರಿಗೇ ಸಾಲ ಕೊಡಬೇಕು ಅನ್ನುವ ಕಾನೂನು ಅಮೆರಿಕದಲ್ಲಿ ಇದೆಯಂತೆ. ನಮ್ಮಲ್ಲಿ ಯಾಕಿಲ್ಲ? ನಮ್ಮ ತೋಟದಲ್ಲಿ ಅರ್ಧ ಬಗರ್‌ಹುಕುಂ."

ಅಮೆರಿಕದ ಕಾನೂನು 1977ರದ್ದು ಸರ್. ಅಲ್ಲಿ ಕರಿಯರಿದ್ದ ಬಡಾವಣೆಗಳಿಗೆ ನಕ್ಷೆಯಲ್ಲಿ ಕೆಂಪು ಬಳಿದು, ಇಲ್ಲಿ ಸಾಲ ಕೊಟ್ಟರೆ ಅಪಾಯ ಅಂತ ಗುರುತು ಮಾಡಿದ್ದ ಕಾಲವಿತ್ತು. ಅವರ ಠೇವಣಿ ಬೇಕು, ಅವರಿಗೆ ಮನೆ ಸಾಲ ಇಲ್ಲ. ಆ ಅನ್ಯಾಯಕ್ಕೆ ಈ ಕಾನೂನು ಬಂತು. ಆದರೆ ಇಷ್ಟು ಕೊಡಲೇಬೇಕು ಅನ್ನುವ ಲೆಕ್ಕ ಅದರಲ್ಲಿಲ್ಲ. ಬ್ಯಾಂಕು ತನ್ನ ಸುತ್ತಲಿನ ಬಡವರಿಗೆ ಎಷ್ಟು ಕೊಟ್ಟಿದೆ ಅಂತ ನೋಡಿ ದರ್ಜೆ ಕೊಡುತ್ತಾರೆ. ದರ್ಜೆ ಕೆಟ್ಟರೆ ಹೊಸ ಶಾಖೆಗೆ ಅನುಮತಿ ಕೇಳುವಾಗ ತೊಡಕು.

ನಮ್ಮದು ಉಲ್ಟಾ. ಶೇಕಡಾ ಇದೆ, ಊರಿಲ್ಲ. ಬ್ಯಾಂಕು ಕೊಡುವ ಸಾಲದಲ್ಲಿ ಶೇ. 40 ಆದ್ಯತಾ ವಲಯಕ್ಕೆ (ಕೃಷಿ, ಸಣ್ಣ ಉದ್ಯಮದಂಥ, ಸಾಲ ಕೊಡಲೇಬೇಕು ಅಂತ ಗುರುತಿಸಿದ ಕ್ಷೇತ್ರಗಳಿಗೆ), ಕೃಷಿಗೆ 18, ಅದರಲ್ಲೇ ಸಣ್ಣ, ಅತಿಸಣ್ಣ ರೈತರಿಗೆ 10. ಈ ಲೆಕ್ಕ ಇಡೀ ಬ್ಯಾಂಕಿನದು. ಪಂಜಾಬಿನ ಗೋಧಿಗೆ ಕೊಟ್ಟರೂ ಲೆಕ್ಕ ತುಂಬುತ್ತದೆ. 2016ರಿಂದ ಇನ್ನೊಂದು ದಾರಿಯೂ ಇದೆ: ಗುರಿ ಮುಟ್ಟದ ಬ್ಯಾಂಕು, ಜಾಸ್ತಿ ಸಾಲ ಕೊಟ್ಟ ಬ್ಯಾಂಕಿನಿಂದ ಪ್ರಮಾಣಪತ್ರ ಕೊಂಡುಕೊಳ್ಳಬಹುದು. ಪಕ್ಕದ ಹುಡುಗನ ಅಂಕ ಕೊಂಡು ಪಾಸಾದ ಹಾಗೆ, ಅಲ್ವಾ? ಹಳ್ಳಿ ಮತ್ತು ಸಣ್ಣ ಪಟ್ಟಣಗಳ ಶಾಖೆಗಳಲ್ಲಿ 100 ರೂಪಾಯಿ ಠೇವಣಿಗೆ 60 ರೂಪಾಯಿ ಸಾಲ ಇರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಅದೂ ದೇಶದ ಅಂಥ ಎಲ್ಲ ಶಾಖೆ ಸೇರಿಸಿ.

ಆದರೆ ನಿಮ್ಮ ಪತ್ರದ ಕೊನೆಯ ಮಾತೇ ನನಗೆ ಮುಖ್ಯ: ಅರ್ಧ ತೋಟ ಬಗರ್‌ಹುಕುಂ, ಅಂದರೆ ಹಕ್ಕುಪತ್ರವಿಲ್ಲದೆ ಸಾಗುವಳಿ ಮಾಡುವ ಸರ್ಕಾರಿ ಜಮೀನು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಮುಳುಗಡೆಯಾಗಿ ಗುಡ್ಡ ಹತ್ತಿದ ಎಷ್ಟೋ ಕುಟುಂಬಗಳ ಜಮೀನು ಇವತ್ತಿಗೂ ದಾಖಲೆಯಲ್ಲಿ ಕಾಡು. ತೋಟ ಕಣ್ಣೆದುರಿಗಿದೆ, ಪಹಣಿಯಲ್ಲಿ ಹೆಸರಿಲ್ಲ. 2025ರ ಜನವರಿಯಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಅಡಮಾನ ಬೇಡ. ಆದರೂ ಬೇಸಾಯ ಮಾಡುತ್ತಿದ್ದೀರಿ ಅಂತ ತೋರಿಸಲು ಮೊದಲು ಕೇಳುವುದು ಪಹಣಿಯನ್ನೇ. ಇಂಥ ಮನೆಗಳಿಗೆ ಸುಲಭವಾಗಿ ಸಿಗುವುದು ಚಿನ್ನದ ಸಾಲ. ಹೆಂಡತಿಯ ಸರವೇ ಪಹಣಿ! ಅಮೆರಿಕದ ಕಾನೂನನ್ನು ಹಾಗೇ ತಂದರೂ ಈ ಗಂಟು ಬಿಚ್ಚುವುದಿಲ್ಲ. ಇದು ಬ್ಯಾಂಕಿನ ಕೌಂಟರಿನದಲ್ಲ, ತಾಲ್ಲೂಕು ಕಚೇರಿಯದು.

ಸದ್ಯಕ್ಕೆ, ಪಹಣಿ ಇರುವ ಅರ್ಧ ತೋಟದ ಮೇಲೆ ಅರ್ಜಿ ಹಾಕಿ. ಬಾಯಿಮಾತಿನಲ್ಲಿ ಬೇಡ, ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಆಗುವುದಿಲ್ಲ ಅಂದರೆ ಕಾರಣವನ್ನೂ ಬರವಣಿಗೆಯಲ್ಲೇ ಕೇಳಿ. ಆ ಕಾಗದ ಹಿಡಿದು ಶಿವಮೊಗ್ಗದ ಲೀಡ್ ಬ್ಯಾಂಕ್ ಮ್ಯಾನೇಜರರನ್ನು, ಅಂದರೆ ಜಿಲ್ಲೆಯ ಎಲ್ಲ ಬ್ಯಾಂಕುಗಳ ಸಾಲದ ಕೆಲಸ ಹೊಂದಿಸುವವರನ್ನು, ನೋಡಿ. ಕೊನೆಕೊಯ್ಲಿಗೆ ಮುಂಚೆಯೇ ಹೋಗಿಬನ್ನಿ, ಆಮೇಲೆ ನಿಮಗೆ ಪುರುಸೊತ್ತು ಇರುವುದಿಲ್ಲ.

— ಸಂಪಾದಕ