ಹನ್ನೆರಡು ಸಾವಿರದಲ್ಲಿ ಕೊಡಗು, ಜೊತೆಗೊಂದು ಗುಹೆ

ಮೈಸೂರಿನಿಂದ ಹಳೆಯ ಕಾರು, ನೀವು, ಯಜಮಾನರು, ಏಳು ಮತ್ತು ಹನ್ನೊಂದು ವರ್ಷದ ಮಕ್ಕಳು, ಮಂಡಿನೋವಿನ ಅತ್ತೆ; ಡಿಸೆಂಬರಿನ ಒಂದು ಶನಿವಾರ, ಭಾನುವಾರ; ಕೈಯಲ್ಲಿ ಹನ್ನೆರಡು ಸಾವಿರ ರೂಪಾಯಿ. ಕೊಡಗಿನಲ್ಲಿ ಬಯಲಲ್ಲಿ ಓಡಾಡುವಂಥ ಜಾಗಗಳು ಬೇಕು, ಮಕ್ಕಳಿಗೆ ಗುಹೆ ತೋರಿಸುವುದಾಗಿ ಮಾತು ಕೊಟ್ಟಾಗಿದೆ, ಹೇಗೆ ಹೊಂದಿಸುವುದು ಎಂದು ಕೇಳಿದ್ದೀರಿ. ಗುಹೆಯ ವಿಷಯ ಮೊದಲು ಮುಗಿಸೋಣ, ನಿಮ್ಮ ಇಡೀ ಪ್ರವಾಸದ ದಾರಿ ಅದರ ಮೇಲೆ ನಿಂತಿದೆ.

ಸಂಸಾರ ಸಮೇತ ಹೋಗಿ ನೋಡಿ ಬರುವಂಥ ಹೆಸರಾದ ಗುಹೆ ಕೊಡಗಿನಲ್ಲಿ ಇಲ್ಲ. ಮಕ್ಕಳು ಚಿತ್ರಗಳಲ್ಲಿ ನೋಡುವ, ಮೇಲಿನಿಂದ ಕಲ್ಲಿನ ಕಂಬಗಳು ಇಳಿಬಿದ್ದಿರುವ ಗುಹೆ ಆಗಬೇಕಾದರೆ ಸುಣ್ಣಕಲ್ಲು ಬೇಕು, ಅದನ್ನು ನೀರು ಬಹುಕಾಲ ಕರಗಿಸಬೇಕು. ನಮ್ಮದು ಕರಗದ ಕಲ್ಲಿನ ಸೀಮೆ. ಎಷ್ಟು ಮಳೆ ಹೊಯ್ದರೂ ಮಣ್ಣು ಕೊಚ್ಚಿ ಹೋಗುತ್ತದೆ, ಬಂಡೆ ಹಾಗೆಯೇ ಕೂತಿರುತ್ತದೆ. ಬೆಟ್ಟಗಳಲ್ಲಿ ಬಂಡೆಸಂದುಗಳು ಉಂಟು, ಊರಿನವರು ಗವಿ ಎಂದು ಕರೆಯುವುದೂ ಉಂಟು. ಆದರೆ ಹೋಮ್‌ಸ್ಟೇ ಹುಡುಗನೊಬ್ಬ "ಇಲ್ಲೇ ಹಿಂದುಗಡೆ ಒಂದು ಗವಿ ಇದೆ ಮೇಡಂ, ಬನ್ನಿ" ಎಂದರೆ ಮಕ್ಕಳನ್ನು ಕಟ್ಟಿಕೊಂಡು ಹೊರಡಬೇಡಿ. ಆನೆ ಓಡಾಡುವ ಕಾಡಿನಲ್ಲಿ ಆ ಹುಡುಗನಿಗೆ ಓಡಲು ಬರುತ್ತದೆ, ನಿಮ್ಮ ಅತ್ತೆಗೆ ಬರುವುದಿಲ್ಲ.

ಹಾಗೆಂದು ಮಾತು ತಪ್ಪಬೇಕಾಗಿಲ್ಲ. ಕೊಡಗಿನ ತೆಂಕಣ ತುದಿ ಕುಟ್ಟ. ಅದನ್ನು ದಾಟಿದರೆ ಕೇರಳದ ವಯನಾಡು, ಅಲ್ಲಿ ಎಡಕಲ್ಲು ಗುಹೆ ಇದೆ. ಕುಟ್ಟದಿಂದ ಸುಮಾರು 75 ಕಿಲೋಮೀಟರ್. ಹಾಗಾಗಿ ನಾನು ಹೇಳುವುದು ಒಂದೇ: ಮಡಿಕೇರಿಯನ್ನು ಈ ಸಲ ಬಿಟ್ಟುಬಿಡಿ. ದಕ್ಷಿಣ ಕೊಡಗಿನಲ್ಲಿ ಇಳಿದು, ಕುಟ್ಟದಲ್ಲಿ ಮಲಗಿ, ವಯನಾಡಿನ ಮೇಲೆ ಮೈಸೂರಿಗೆ ಸುತ್ತಿಕೊಂಡು ಹೋಗಿ. ಹೋದ ದಾರಿಯಲ್ಲೇ ಮರಳುವ ಬೇಸರವಿಲ್ಲ.

ನಾನು ಗೋಣಿಕೊಪ್ಪದವನು, ಬಸ್ ನಿಲ್ದಾಣದ ಹತ್ತಿರ ಪುಸ್ತಕ, ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಮೈಸೂರಿನಲ್ಲಿ ಅಕ್ಕನ ಸಂಸಾರ, ಹಾಸನದಲ್ಲಿ ಹೆಂಡತಿಯ ತವರು. ಸಾಲು ರಜೆ ಬಂತೆಂದರೆ ಎರಡೂ ಕಡೆಯವರು ನಮ್ಮ ಮನೆಯಲ್ಲಿ, ನಾನು ಸಂಬಳವಿಲ್ಲದ ಗೈಡ್. ಆರಂಭದಲ್ಲಿ ಉತ್ಸಾಹ ಜಾಸ್ತಿ ಇತ್ತು. ಒಮ್ಮೆ ಎರಡೇ ದಿನದಲ್ಲಿ ಅಬ್ಬಿ ಜಲಪಾತ, ರಾಜಾಸೀಟ್, ಮಾಂದಲಪಟ್ಟಿ, ತಲಕಾವೇರಿ, ನಿಸರ್ಗಧಾಮ ಎಲ್ಲ ತೋರಿಸಿದೆ. ಭಾಗಮಂಡಲದ ತಿರುವುಗಳಲ್ಲಿ ಅಕ್ಕನ ಮಗ ಮೂರು ಸಲ ವಾಂತಿ ಮಾಡಿದ. ಹಿಂದಿನ ಸೀಟಿನಲ್ಲಿ ಕೂತಿದ್ದ ಹಾಸನದ ಚಿಕ್ಕಮ್ಮ ಊರಿಗೆ ಹೋಗಿ "ಕೊಡಗು ಅಂದರೆ ಬರೀ ಕಾರಿನ ಹಿಂಭಾಗ" ಎಂದರಂತೆ. ಅವರು ಕಂಡದ್ದು ಮುಂದಿನ ಗಾಡಿಯ ದೀಪಗಳನ್ನೇ ಅಲ್ಲವೇ! ಅಂದಿನಿಂದ ದಿನಕ್ಕೆ ಎರಡು ಜಾಗ, ಅದಕ್ಕಿಂತ ಹೆಚ್ಚು ಇಲ್ಲ ಎಂದು ಗೆರೆ ಎಳೆದಿದ್ದೇನೆ.

ಶನಿವಾರ ಬೆಳಗ್ಗೆ ಆರಕ್ಕೆ ಮೈಸೂರು ಬಿಡಿ. ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರದ ಬಳಿಯಿಂದ ದುಬಾರೆಯ ಆನೆ ಶಿಬಿರಕ್ಕೆ ತಿರುಗಿ. ಎಂಟೂವರೆ, ಒಂಬತ್ತಕ್ಕೆ ಕಾವೇರಿಯ ದಡದಲ್ಲಿ ಇರಬೇಕು, ಆನೆಗಳ ಸ್ನಾನ ಬೆಳಗಿನ ಹೊತ್ತಿನದು. ದೋಣಿಯಲ್ಲಿ ದಾಟಿಸುತ್ತಾರೆ. ದಸರೆಗೆ ಮೈಸೂರಿಗೆ ಬರುವ ಆನೆಗಳಲ್ಲಿ ಇಲ್ಲಿನವೂ ಇರುತ್ತವೆ. ಅಪ್ಪನ ಹೆಗಲ ಮೇಲೆ ಕೂತು ಜರಿಯ ಹೊದಿಕೆಯಲ್ಲಿ ನೋಡಿದ ಪ್ರಾಣಿ ಇಲ್ಲಿ ನೀರಿನಲ್ಲಿ ಮಗ್ಗುಲಾಗಿ ಮಲಗಿರುತ್ತದೆ. ಮಾವುತ ಕಿವಿಯ ಹಿಂದೆ ಉಜ್ಜುವಾಗ ಕಣ್ಣು ಅರ್ಧ ಮುಚ್ಚಿ, ಸೊಂಡಿಲಿನ ತುದಿಯನ್ನು ಮಾತ್ರ ನೀರಿನ ಮೇಲೆ ಎತ್ತಿಕೊಂಡು ಉಸಿರಾಡುತ್ತಿರುತ್ತದೆ. ನಿಮ್ಮ ಏಳು ವರ್ಷದವರಿಗೆ ಇಷ್ಟು ಸಾಕು. ರಾಫ್ಟಿಂಗ್ ಎಂದು ಕರೆಯುವವರು ಹಿಂದೆ ಬೀಳುತ್ತಾರೆ. ಡಿಸೆಂಬರಿನಲ್ಲಿ ನೀರು ಇಳಿದಿರುತ್ತದೆ, ದುಡ್ಡು ದಂಡ.

ಅಲ್ಲಿಂದ ಸಿದ್ದಾಪುರದ ಮೇಲೆ ಗೋಣಿಕೊಪ್ಪಕ್ಕೆ ಬನ್ನಿ. ದಾರಿಯ ಎರಡೂ ಬದಿ ಕಾಫಿ ತೋಟ, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಅರೇಬಿಕಾ ಕೊಯ್ಲಿನ ಕಾಲ ಅದು, ಕಣದಲ್ಲಿ ಹಣ್ಣು ಒಣಹಾಕಿರುತ್ತಾರೆ, ಹುಳಿ ವಾಸನೆ ಕಾರಿನೊಳಗೆ ಬರುತ್ತದೆ. ಊಟ ಗೋಣಿಕೊಪ್ಪದಲ್ಲೇ ಮುಗಿಸಿ. ಪೆಟ್ರೋಲ್ ಕೂಡ ಇಲ್ಲೇ ತುಂಬಿಸಿ, ಕೇರಳದಲ್ಲಿ ಲೀಟರಿಗೆ ಮೂರು ನಾಲ್ಕು ರೂಪಾಯಿ ಹೆಚ್ಚು.

ಮಧ್ಯಾಹ್ನ ಮೂರರ ಸುಮಾರಿಗೆ ಇರ್ಪು ಜಲಪಾತ. ಶ್ರೀಮಂಗಲ, ಕುಟ್ಟ ರಸ್ತೆಯಿಂದ ಒಳಗೆ ಹೋಗಬೇಕು. ಕೆಳಗೆ ರಾಮೇಶ್ವರ ದೇವಸ್ಥಾನ, ಪಕ್ಕದಲ್ಲೇ ಲಕ್ಷ್ಮಣತೀರ್ಥ ನದಿ. ಸೀತೆಯನ್ನು ಹುಡುಕುತ್ತಾ ಬಂದ ರಾಮನಿಗೆ ಬಾಯಾರಿದಾಗ ಲಕ್ಷ್ಮಣ ಬ್ರಹ್ಮಗಿರಿಗೆ ಬಾಣ ಬಿಟ್ಟು ನೀರು ತರಿಸಿದ ಎಂಬ ಕಥೆ. ಅತ್ತೆಯವರು ದೇವಸ್ಥಾನದಲ್ಲಿ ಕೂತಿರಲಿ, ಜಲಪಾತಕ್ಕೆ ಮೆಟ್ಟಿಲು ಹತ್ತಬೇಕು, ಮಂಡಿನೋವಿನವರಿಗೆ ಅಲ್ಲ. ಅಬ್ಬಿಯಲ್ಲಿ ನೀರನ್ನು ದೂರದಿಂದ ನೋಡಿ ಫೋಟೋ ತೆಗೆದು ಜಾಗ ಬಿಡಬೇಕು, ಇರ್ಪುವಿನಲ್ಲಿ ಹತ್ತಿರ ಹೋಗಬಹುದು, ಎರಚಲು ಮುಖಕ್ಕೆ ಬಡಿಯುತ್ತದೆ. ನನ್ನ ಓಟು ಯಾವತ್ತೂ ಇರ್ಪುವಿಗೇ. ಅರಣ್ಯ ಇಲಾಖೆಯ ಟಿಕೆಟ್ ಇದೆ. ಚಿಪ್ಸ್ ಪೊಟ್ಟಣಗಳನ್ನು ಕಾರಿನಲ್ಲೇ ಬಿಟ್ಟು ಹೋಗಿ, ಒಳಗೆ ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಮಳೆಗಾಲದಲ್ಲಿ ಜಿಗಣೆಯ ಕಾಟ, ಡಿಸೆಂಬರಿನಲ್ಲಿ ಆ ಭಯ ಕಡಿಮೆ.

ವಾಸ್ತವ್ಯಕ್ಕೆ ಕುಟ್ಟ ಅಥವಾ ಶ್ರೀಮಂಗಲದ ಸುತ್ತಿನ ಸಾದಾ ಹೋಮ್‌ಸ್ಟೇ ಹಿಡಿಯಿರಿ. ಇಲ್ಲಿ ದರ ಕೋಣೆಗಲ್ಲ, ತಲೆಗೆ. ಫೋನಿನಲ್ಲಿ ಕೇಳುವಾಗ "ರಾತ್ರಿ ಊಟ, ಬೆಳಗಿನ ತಿಂಡಿ ಸೇರಿ ತಲೆಗೆ ಎಷ್ಟು, ಮಕ್ಕಳಿಗೆ ಅರ್ಧವೇ" ಎಂದು ಬಾಯಿಬಿಟ್ಟು ಕೇಳಿ, ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ನನ್ನ ಭಾವ ಒಂದು ಕಡೆ "ಎಲ್ಲಾ ಸೇರಿ" ಎಂಬ ಮಾತನ್ನು ನಂಬಿ ಬಂದು, ಹೊರಡುವಾಗ ಬಿಸಿನೀರಿಗೆ, ಕ್ಯಾಂಪ್‌ಫೈರಿನ ಸೌದೆಗೆ, ಕೊನೆಗೆ ಮಕ್ಕಳು ಕುಡಿದ ಹಾಲಿಗೂ ಬೇರೆ ದುಡ್ಡು ಕೊಟ್ಟರು. ಈಗಲೂ ಹಾಲು ಕುಡಿಯುವಾಗ ಅದನ್ನು ನೆನೆಸಿಕೊಳ್ಳುತ್ತಾರೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ ಎಂದೂ ಕೇಳಿ. ನೀವು ಸಸ್ಯಾಹಾರಿಗಳಾದರೆ ಮೊದಲೇ ಹೇಳಿ, ಅಕ್ಕಿ ರೊಟ್ಟಿ, ಚಟ್ನಿ, ನೂಪುಟ್ಟು ಎಂಬ ಅಕ್ಕಿ ಶಾವಿಗೆ ಮಾಡಿಸುತ್ತಾರೆ. ಹೇಳದೇ ಹೋದರೆ ಪಾತ್ರೆಯಲ್ಲಿ ಹಂದಿ ಬೇಯುತ್ತಿರುತ್ತದೆ. ತಾರೀಖಿನ ವಿಷಯದಲ್ಲಿ ಎರಡು ಎಚ್ಚರ: ಕ್ರಿಸ್‌ಮಸ್ ವಾರ ದರ ಏರಿರುತ್ತದೆ, ನಮ್ಮ ಸುಗ್ಗಿಯ ಹಬ್ಬ ಪುತ್ತರಿ ಬಿದ್ದ ದಿನ ಹಲವು ಮನೆಗಳಲ್ಲಿ ಅತಿಥಿಗಳನ್ನು ತೆಗೆದುಕೊಳ್ಳುವುದಿಲ್ಲ. ಡಿಸೆಂಬರಿನ ಮೊದಲ ಎರಡು ವಾರಗಳಲ್ಲಿ ಕ್ಯಾಲೆಂಡರ್ ನೋಡಿ ಆರಿಸಿಕೊಳ್ಳಿ.

ಭಾನುವಾರ ಏಳಕ್ಕೆ ಕುಟ್ಟ ಬಿಡಿ. ತೋಲ್ಪೆಟ್ಟಿಯ ಕಾಡು ದಾಟಿದ ಮೇಲೆ ತೆಟ್ಟು ರೋಡ್ ಎಂಬಲ್ಲಿ ತಿರುನೆಲ್ಲಿಗೆ ದಾರಿ ಒಡೆಯುತ್ತದೆ. ಇದು ಅತ್ತೆಯವರ ಪಾಲು. ಬ್ರಹ್ಮಗಿರಿಯ ಆಚೆ ಮಗ್ಗುಲಿನ ವಿಷ್ಣು ದೇವಸ್ಥಾನ, ಪಿತೃಕಾರ್ಯಕ್ಕೆ ಕೊಡಗಿನಿಂದಲೂ ಜನ ಹೋಗುತ್ತಾರೆ. ಬೆಟ್ಟದ ನೀರನ್ನು ಕಲ್ಲಿನ ಕಂಬಗಳ ಮೇಲೆ ಕೂರಿಸಿದ ಕಲ್ಲಿನ ಕಾಲುವೆಗಳ ಮೂಲಕ ಗುಡಿಯ ತನಕ ತಂದಿರುವುದನ್ನು ಮಕ್ಕಳಿಗೆ ತೋರಿಸಿ. ವಾಪಸು ಬರುವಾಗ ತೆಟ್ಟು ರೋಡಿನಲ್ಲಿ ಬಿಸಿ ಉಣ್ಣಿಯಪ್ಪ ಸಿಗುತ್ತದೆ, ನಮ್ಮ ಅಪ್ಪದ ಹತ್ತಿರದ ಸಂಬಂಧಿ. ಹತ್ತು ಕಟ್ಟಿಸಿಕೊಂಡರೆ ಕಾರು ಹತ್ತುವ ಮೊದಲೇ ಐದು ಖಾಲಿಯಾಗುತ್ತದೆ.

ಮಾನಂದವಾಡಿಯ ಮೇಲೆ ಎಡಕಲ್ಲಿಗೆ ಹನ್ನೊಂದರ ಸುಮಾರಿಗೆ ತಲುಪುತ್ತೀರಿ. ಅಂಬುಕುತ್ತಿ ಬೆಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಿ ಒಂದು ಕಿಲೋಮೀಟರಿನಷ್ಟು ಕಡಿದಾದ ರಸ್ತೆ ಏರಬೇಕು, ಟಿಕೆಟ್ ಪಡೆದ ಮೇಲೆ ಕಲ್ಲು ಮೆಟ್ಟಿಲು, ನಂತರ ಕಬ್ಬಿಣದ ಮೆಟ್ಟಿಲು. ಅತ್ತೆಯವರನ್ನು ಖಂಡಿತ ಹತ್ತಿಸಬೇಡಿ. ಯಜಮಾನರು ಮಕ್ಕಳ ಜೊತೆ ಮೇಲೆ ಹೋಗಲಿ, ನೀವು ಅತ್ತೆಯವರನ್ನು ಅಂಬಲವಯಲಿನ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ, ಕೆಲವೇ ಕಿಲೋಮೀಟರ್. ಅಲ್ಲಿ ವೀರಗಲ್ಲುಗಳಿವೆ, ಸಮತಟ್ಟಾದ ನೆಲವಿದೆ. ನೀವೇ ಗುಹೆ ನೋಡಬೇಕೆಂದರೆ ಪಾತ್ರ ಬದಲಿಸಿಕೊಳ್ಳಿ, ಅದು ನಿಮ್ಮ ಮನೆಯ ರಾಜಕೀಯ.

ಇನ್ನು ಗುಹೆ. ಹೆಸರನ್ನು ನಮ್ಮ ಕಿವಿಯಿಂದ ಕೇಳಿದರೆ ಗುಟ್ಟು ಬಿಡುತ್ತದೆ: ಎಡೆಯಲ್ಲಿರುವ ಕಲ್ಲು. ಬೆಟ್ಟದ ದೊಡ್ಡ ಬಂಡೆ ಬಿರಿದು ಎರಡು ಗೋಡೆಗಳಾಗಿವೆ, ಮೇಲಿನಿಂದ ಜಾರಿದ ಇನ್ನೊಂದು ಬಂಡೆ ಎರಡರ ನಡುವೆ ಸಿಕ್ಕಿಕೊಂಡು ಚಾವಣಿಯಾಗಿದೆ. ಮೊದಲ ಪ್ರವೇಶ ಇಕ್ಕಟ್ಟು, ಬಗ್ಗಿ ನುಸುಳಬೇಕು. ಭಾವ ಅಲ್ಲಿ ಹೊಟ್ಟೆ ಒಳಕ್ಕೆ ಎಳೆದುಕೊಂಡು ನಿಂತಾಗ ಹಿಂದೆ ಹತ್ತಿಪ್ಪತ್ತು ಮಂದಿ ಕಾಯುತ್ತಿದ್ದರು. ಮೇಲಿನ ಕೋಣೆಯಲ್ಲಿ ಬಂಡೆಯ ಅಂಚಿನಿಂದ ಬೆಳಕು ಓರೆಯಾಗಿ ಬೀಳುತ್ತದೆ. ಒಂದು ನಿಮಿಷ ಗೋಡೆಯಲ್ಲಿ ಏನೂ ಕಾಣುವುದಿಲ್ಲ, ಗೀರು ಗೀರು ಅಷ್ಟೆ. ಅಕ್ಕನ ಮಗಳು ತಲೆ ಓರೆ ಮಾಡಿ ನೋಡುತ್ತಿದ್ದವಳು "ಮಾವ, ಇವನು ತಲೆಗೆ ಏನೋ ಕಟ್ಟಿಕೊಂಡಿದ್ದಾನೆ" ಎಂದಳು. ಆಮೇಲೆ ನನಗೂ ಕಂಡಿತು: ತಲೆಯ ಮೇಲೆ ದೊಡ್ಡ ಅಲಂಕಾರ ಹೊತ್ತ ಮನುಷ್ಯ, ಪಕ್ಕದಲ್ಲಿ ಚಕ್ರದಂಥದ್ದು, ಪ್ರಾಣಿ, ಒಂದರ ಮೇಲೊಂದು. ಬಣ್ಣದ ಚಿತ್ರಗಳಲ್ಲ, ಕಲ್ಲಿನಲ್ಲಿ ಕೊರೆದವು. ನವಶಿಲಾಯುಗದವೂ ಇವೆ ಎನ್ನುತ್ತಾರೆ, ಬಹಳ ನಂತರದ ಬ್ರಾಹ್ಮಿ ಅಕ್ಷರಗಳೂ ಇವೆ. 1890ರ ದಶಕದಲ್ಲಿ ಫ್ರೆಡ್ ಫಾಸೆಟ್ ಎಂಬ ಮಲಬಾರಿನ ಪೊಲೀಸ್ ಅಧಿಕಾರಿ ಇದನ್ನು ಹೊರಜಗತ್ತಿಗೆ ತಿಳಿಸಿದ. ಮಕ್ಕಳಿಗೆ ಹೋಗುವ ಮೊದಲೇ "ಗೋಡೆಯಲ್ಲಿ ಎಷ್ಟು ಮನುಷ್ಯರಿದ್ದಾರೆ ಎಣಿಸಿ ಹೇಳಬೇಕು" ಎಂದು ಪಂದ್ಯ ಕಟ್ಟಿ. ಇಲ್ಲವಾದರೆ ಐದು ನಿಮಿಷದಲ್ಲಿ ಐಸ್‌ಕ್ರೀಮ್ ಕೇಳುತ್ತಾರೆ. ಸೋಮವಾರ ರಜೆ, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಇದೆ. ಭಾನುವಾರ ತಡಮಾಡಿದರೆ ಟಿಕೆಟ್ ಸಿಗದೆ ಹೋಗಬಹುದು, ಆದ್ದರಿಂದ ಕುಟ್ಟದಲ್ಲಿ ಎರಡನೆಯ ಕಾಫಿಗೆ ಕೂರಬೇಡಿ. ತಡವಾದರೆ ತಿರುನೆಲ್ಲಿಯನ್ನು ಬಿಡಿ, ಗುಹೆಯನ್ನಲ್ಲ. ಹೊರಡುವ ಹಿಂದಿನ ದಿನ ತೆರೆದಿದೆಯೇ ಎಂದು ಫೋನಿನಲ್ಲಿ ವಿಚಾರಿಸಿಕೊಳ್ಳಿ. ಕೋತಿಗಳಿವೆ, ಕೈಯಲ್ಲಿ ತಿಂಡಿ ಹಿಡಿದು ಹತ್ತಬೇಡಿ.

ಹಿಂದಿರುಗುವ ದಾರಿ ಸುಲ್ತಾನ್ ಬತ್ತೇರಿ, ಗುಂಡ್ಲುಪೇಟೆ. ಹೊತ್ತಿದ್ದರೆ ಬತ್ತೇರಿಯ ಹಳೆಯ ಜೈನ ಬಸದಿಗೆ ಇಳಿಯಿರಿ. ನಂತರ ಬಂಡೀಪುರದ ಕಾಡು. ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಆ ಹೆದ್ದಾರಿ ಬಂದ್. ಮೂರು, ನಾಲ್ಕಕ್ಕೆ ಬತ್ತೇರಿ ಬಿಟ್ಟರೆ ಕತ್ತಲಾಗುವ ಮೊದಲು ಕಾಡು ದಾಟುತ್ತೀರಿ. ಜಿಂಕೆ ಕಂಡಿತೆಂದು ಕಾರು ನಿಲ್ಲಿಸಬೇಡಿ, ದಂಡ ಬೀಳುತ್ತದೆ.

ಲೆಕ್ಕ ಕೇಳಿದ್ದೀರಲ್ಲ. ಇಡೀ ಸುತ್ತು ಸುಮಾರು 400 ಕಿಲೋಮೀಟರ್. ಹಳೆಯ ಕಾರು ಲೀಟರಿಗೆ 15 ಕೊಟ್ಟರೆ ಪೆಟ್ರೋಲಿಗೆ 2,800 ರೂಪಾಯಿ. ಹೋಮ್‌ಸ್ಟೇಯಲ್ಲಿ ದೊಡ್ಡವರಿಗೆ ತಲೆಗೆ 1,400, ಮಕ್ಕಳಿಗೆ ಅರ್ಧ ಎಂದು ಹಿಡಿದರೆ 5,600. ಹೊರಗಿನ ಎರಡು ಮಧ್ಯಾಹ್ನದ ಊಟ, ಕಾಫಿ, ಉಣ್ಣಿಯಪ್ಪಕ್ಕೆ 2,000. ದೋಣಿ, ಟಿಕೆಟ್, ಪಾರ್ಕಿಂಗ್ ಎಂದು 1,000 ತೆಗೆದಿಡಿ. 11,400 ಆಯಿತು. ಉಳಿದ ಆರು ನೂರರಲ್ಲಿ ಗೋಣಿಕೊಪ್ಪದಲ್ಲಿ ಕಾಫಿ ಪುಡಿ ಕೊಳ್ಳಿ, ಎಷ್ಟು ಚಿಕೋರಿ ಎಂದು ಕೇಳಿ ಕೊಳ್ಳಿ. ರಸ್ತೆಬದಿಯ ಜೇನುತುಪ್ಪ, ಮನೆಯಲ್ಲೇ ಮಾಡಿದ ಚಾಕಲೇಟ್ ಎಂಬ ಬೋರ್ಡುಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ, ಅಂಗಡಿಯವರು ನನ್ನ ಪರಿಚಯದವರು.

ಕಾರು ಕೈಕೊಟ್ಟರೆ ಗುಹೆಯ ಆಸೆ ಬಿಟ್ಟು ಬಸ್ಸಿನಲ್ಲಿ ಕುಶಾಲನಗರಕ್ಕೆ ಬನ್ನಿ. ಶಕ್ತಿ ಯೋಜನೆಯಲ್ಲಿ ನಿಮಗೂ ಅತ್ತೆಯವರಿಗೂ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ಇಟ್ಟುಕೊಂಡಿರಿ. ಕೇರಳದ ಕಡೆ ಅದು ನಡೆಯುವುದಿಲ್ಲ. ನಿಸರ್ಗಧಾಮದ ತೂಗುಸೇತುವೆ, ಬಿದಿರು ಮೆಳೆ, ಬೈಲುಕುಪ್ಪೆಯ ಟಿಬೆಟನ್ನರ ಚಿನ್ನದ ದೇವಾಲಯ, ಎಲ್ಲವೂ ಆಟೋ ದೂರದಲ್ಲಿವೆ, ಮಂಡಿಗೂ ಹಿತ.

ಮಕ್ಕಳು ಗುಹೆಗೆಂದು ಟಾರ್ಚ್ ಹಿಡಿದು ಹೊರಡುತ್ತಾರೆ, ಬೇಡ ಎನ್ನಬೇಡಿ. ಎಡಕಲ್ಲಿನಲ್ಲಿ ಅದರ ಕೆಲಸವಿಲ್ಲ, ಬೆಳಕು ತಾನಾಗಿ ಬರುತ್ತದೆ. ಆದರೆ ಕುಟ್ಟದಲ್ಲಿ ರಾತ್ರಿ ಕರೆಂಟು ಹೋದರೆ ಅತ್ತೆಯವರಿಗೆ ಬಚ್ಚಲಿನ ದಾರಿ ತೋರಿಸಲು ಬೇಕಾಗುತ್ತದೆ.