ಒಂದೇ ಸೆಗ್ಮೆಂಟ್‌ನಲ್ಲಿ ಎಷ್ಟು ಸಾಧನ ಇಡಬಹುದು?

ಸಾಗರದ ನಿಮ್ಮ ಕಾಲೇಜಿನಲ್ಲಿ ಲ್ಯಾಬ್, ಆಫೀಸ್, ಕ್ಯಾಮೆರಾ, ವೈಫೈ ಎಲ್ಲ ಸೇರಿ 400 ಸಾಧನ ಇವೆ, ಒಂದೇ ಸೆಗ್ಮೆಂಟಿಗೆ (ಒಂದರ ಕೂಗು ಎಲ್ಲಕ್ಕೂ ಕೇಳುವ ನೆಟ್‌ವರ್ಕಿನ ತುಂಡು) ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಬಹುದು. ಆದರೆ ನಾನಾಗಿದ್ದರೆ ಹಾಕುವುದಿಲ್ಲ.

ಪ್ರತಿ ಸಾಧನಕ್ಕೂ ಬೇಕಾದ ಐಪಿ ವಿಳಾಸದ ಲೆಕ್ಕ ಸುಲಭ. ಸಬ್‌ನೆಟ್ ಅಂದರೆ ಇಂಥ ವಿಳಾಸಗಳ ಗುಂಪು, ಸ್ಲ್ಯಾಶ್ ಸಂಖ್ಯೆ ಅದರ ಗಾತ್ರ ಹೇಳುತ್ತದೆ. ಸ್ಲ್ಯಾಶ್ 24 ಸಬ್‌ನೆಟ್‌ನಲ್ಲಿ 254 ಸಾಧನ ಹಿಡಿಯುತ್ತವೆ, ಸ್ಲ್ಯಾಶ್ 23ರಲ್ಲಿ 510. ಅಲ್ಲಿಗೆ ಜಾಗ ಸಾಲದು ಅನ್ನುವ ಮಾತಿಲ್ಲ.

ತೊಂದರೆ ಕೂಗಾಟದ್ದು. "ಈ ಐಪಿ ಯಾರದು?" ಎಂದು ಒಂದು ಕಂಪ್ಯೂಟರ್ ಕೇಳಿದರೆ ಸೆಗ್ಮೆಂಟಿನ ಪ್ರತಿ ಸಾಧನವೂ ಕಿವಿಗೊಡಬೇಕು. ಕೇಬಲ್‌ನಲ್ಲಿ ಇದು ದೊಡ್ಡ ಹೊರೆಯಲ್ಲ. ವೈಫೈನಲ್ಲಿ ಹಾಗಲ್ಲ. ಹೀಗೆ ಎಲ್ಲಕ್ಕೂ ಕೂಗುವ ಬ್ರಾಡ್‌ಕಾಸ್ಟ್ ಸಾಮಾನ್ಯವಾಗಿ ಕಡಿಮೆ ವೇಗದಲ್ಲೇ ಹೋಗುತ್ತದೆ, ಅಷ್ಟು ಹೊತ್ತು ಉಳಿದವು ಕಾಯಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ನೋಡಿ, ಎಲ್ಲವೂ ಒಟ್ಟಿಗೆ ಎದ್ದು ವಿಳಾಸ ಹಂಚುವ ಡಿಎಚ್‌ಸಿಪಿಗೆ ಮುಗಿಬೀಳುತ್ತವೆ.

ಅದಕ್ಕಿಂತ ಮುಖ್ಯ, ಕೆಟ್ಟರೆ ಎಷ್ಟು ಕೆಡುತ್ತದೆ ಅನ್ನುವುದು. ನಾನು ನೋಡಿಕೊಳ್ಳುತ್ತಿದ್ದ ಒಂದು ಆಫೀಸಿನಲ್ಲಿ ಯಾರೋ ಕೇಬಲ್ಲಿನ ಎರಡೂ ತುದಿಯನ್ನು ಒಂದೇ ನೆಟ್‌ವರ್ಕ್ ಸ್ವಿಚ್ಚಿಗೆ ಸಿಕ್ಕಿಸಿದರು. ಸುಮ್ನೆ ನೇತಾಡುತ್ತಿತ್ತಂತೆ! ಲೂಪ್ ತಡೆಯುವ ಎಸ್‌ಟಿಪಿ ಇಲ್ಲದ ಅಗ್ಗದ ಸ್ವಿಚ್ ಅದು. ಕೂಗು ಆ ಲೂಪಿನಲ್ಲೇ ಸುತ್ತುತ್ತಾ ಹೆಚ್ಚಿತು, ಒಂದೇ ಸೆಗ್ಮೆಂಟಾದ್ದರಿಂದ ಬಿಲ್ಲಿಂಗ್‌ನಿಂದ ಕ್ಯಾಮೆರಾವರೆಗೆ ಎಲ್ಲ ನಿಂತಿತು. ಕೇಬಲ್ ಹುಡುಕುವುದರಲ್ಲೇ ಅರ್ಧ ದಿನ ಹೋಯಿತು.

ಲ್ಯಾಬ್, ಆಫೀಸ್, ಕ್ಯಾಮೆರಾ, ವಿದ್ಯಾರ್ಥಿಗಳ ವೈಫೈಗೆ ಒಂದೊಂದು ವಿಲ್ಯಾನ್ (ಅದೇ ಸ್ವಿಚ್ಚುಗಳಲ್ಲೇ ಬೇರ್ಪಡಿಸಿದ ಸೆಗ್ಮೆಂಟ್) ಮಾಡಿ, ಒಂದೊಂದಕ್ಕೂ ಸ್ಲ್ಯಾಶ್ 24 ಕೊಡಿ. ಒಂದು ವಿಲ್ಯಾನ್‌ನಲ್ಲಿ ಸಾಧನಗಳು 200 ದಾಟಲು ನಾನು ಬಿಡುವುದಿಲ್ಲ. ಇದು ನಿಯಮವಲ್ಲ, ನನ್ನ ರೂಢಿ ಅಷ್ಟೆ. ವೈಫೈಗೆ ಡಿಎಚ್‌ಸಿಪಿ ಲೀಸ್ (ಒಂದು ವಿಳಾಸ ಕೊಡುವ ಅವಧಿ) ಒಂದೆರಡು ಗಂಟೆ ಇಟ್ಟರೆ ಸಾಕು, ಬಸ್ ಹತ್ತಿ ಮನೆಗೆ ಹೋದ ಮೊಬೈಲುಗಳ ವಿಳಾಸ ಬೇಗ ವಾಪಸ್ ಸಿಗುತ್ತದೆ.